ಮಳೆಗಾಲಕ್ಕೆ ಮೊದಲು ಮನೆಯ ಡಿವಿಡಿಗಳನ್ನು ಕಾಪಿಟ್ಟುಕೊಳ್ಳುವ ಕ್ರಮ

ನಮ್ಮ ಅಕ್ಕನ ಮದುವೆ 2004ರ ಬೇಸಿಗೆಯಲ್ಲಿ, ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯ ಅಂಗಳದಲ್ಲೇ ಚಪ್ಪರ ಹಾಕಿ ನಡೆಯಿತು. ಅದರ ವಿಡಿಯೊ ಎರಡು ಡಿವಿಡಿಗಳಲ್ಲಿ ನಮ್ಮ ಕೈಸೇರಿತು. ಕೆಲವು ವರ್ಷಗಳ ನಂತರ, ಮೊಬೈಲಿನಲ್ಲಿ ನೋಡುವಂತೆ ಮಾಡಿಕೊಡುತ್ತೇವೆ ಎಂದ ಪೇಟೆಯ ಅಂಗಡಿಯೊಂದಕ್ಕೆ ಆ ಡಿಸ್ಕ್‌ಗಳನ್ನು ಕೊಟ್ಟು, 3ಜಿಪಿ ಎಂಬ ಸ್ವರೂಪದ ಸಣ್ಣ ಕಡತಗಳನ್ನು ಪಡೆದುಕೊಂಡೆವು. ಅಂದಿನ ಕೀಪ್ಯಾಡ್ ಫೋನಿನ ಪರದೆಗೆ ಅದು ಸಾಕಾಗಿತ್ತು. ಬ್ಯಾಕಪ್ ಆಯಿತೆಂಬ ನೆಮ್ಮದಿಯಲ್ಲಿ ಮೂಲ ಡಿಸ್ಕ್‌ಗಳನ್ನು ನಾಗಂದಿಗೆಯ ಮೇಲೆ ಇಟ್ಟು ಮರೆತೆವು. ಹತ್ತು ಹನ್ನೆರಡು ಮಳೆಗಾಲ ಕಳೆದು ತೆಗೆದು ನೋಡಿದಾಗ ಎರಡನೆಯ ಡಿಸ್ಕನ್ನು ಯಾವ ಯಂತ್ರವೂ ಓದಲಿಲ್ಲ. ಧಾರೆಯ ಹೊತ್ತಿನಲ್ಲಿ ನಮ್ಮ ಅಜ್ಜಿ ಹಾಡಿದ ಸೋಬಾನೆ ಪದ ಇಂದು ನಮ್ಮ ಬಳಿ ಇರುವುದು ಆ 3ಜಿಪಿ ಕಡತದಲ್ಲಿ ಮಾತ್ರ. ಚಿತ್ರದ ಅಳತೆ ಕೇವಲ 176×144 ಬಿಂದುಗಳಾದ್ದರಿಂದ ಅಜ್ಜಿಯ ಮುಖ ಗುರುತಾಗುವುದಿಲ್ಲ. ದನಿ ಹಳೆಯ ಟೆಲಿಫೋನಿನಲ್ಲಿ ಕೇಳಿದಂತಿದೆ.

ಆದ್ದರಿಂದ ಈ ಲೇಖನದಲ್ಲಿ ಹೇಳುವ ಎಲ್ಲ ಕ್ರಮಗಳಿಗೂ ಮೊದಲು ನಿಲ್ಲುವ ನಿಯಮ ಒಂದೇ: ಮೊದಲು ಡಿಸ್ಕಿನ ಯಥಾಪ್ರತಿ, ಆಮೇಲೆ ರೂಪಾಂತರ. ಇಂದಿನ ಫೋನಿಗೋ ಟಿ.ವಿ.ಗೋ ಹೊಂದುವಂತೆ ಮಾಡಿದ ಕಡತವು ಇಂದಿನ ಅನುಕೂಲಕ್ಕೆ ಮಾತ್ರ. ಡಿಸ್ಕಿನಲ್ಲಿ ಇದ್ದದ್ದು ಇದ್ದ ಹಾಗೇ ಉಳಿದಿದ್ದರೆ ಮುಂದೆ ಯಾವ ಸ್ವರೂಪ ಬಂದರೂ ಅದರಿಂದ ಮತ್ತೆ ತಯಾರಿಸಿಕೊಳ್ಳಬಹುದು.

ಇಲ್ಲಿ ಹೇಳುತ್ತಿರುವುದು ಮದುವೆ, ಉಪನಯನ, ಗೃಹಪ್ರವೇಶ, ಊರಿನ ಬಯಲಾಟ ಮುಂತಾದ, ನಾವೇ ಚಿತ್ರಿಸಿಕೊಂಡ ಅಥವಾ ನಮಗಾಗಿ ಚಿತ್ರಿಸಿಕೊಟ್ಟ ಡಿಸ್ಕ್‌ಗಳ ವಿಷಯ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಲ್ಲಿ ಸಾಮಾನ್ಯವಾಗಿ ನಕಲು ತಡೆಯುವ ಬೀಗವಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಲಾದ 65ಎ ಕಲಮು ಅಂತಹ ಬೀಗಗಳನ್ನು ಮುರಿಯುವುದಕ್ಕೆ ಸಂಬಂಧಿಸಿದ್ದು. ಆ ಡಿಸ್ಕ್‌ಗಳ ಗೋಜಿಗೆ ಈ ಲೇಖನ ಹೋಗುವುದಿಲ್ಲ. ಸಿನಿಮಾ ಇನ್ನೆಲ್ಲಾದರೂ ಸಿಕ್ಕೀತು. ಮನೆಯ ಮದುವೆಯ ಡಿಸ್ಕ್ ಇರುವುದು ಮನೆಯಲ್ಲಿ ಮಾತ್ರ.

ಮಲೆನಾಡಿನಲ್ಲಿ ಡಿಸ್ಕ್ ಏಕೆ ಬೇಗ ಕೆಡುತ್ತದೆ

ಕಂಪನಿಯಲ್ಲಿ ಅಚ್ಚಾದ ಡಿಸ್ಕಿಗೂ ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಡಿಸ್ಕಿಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನಲ್ಲೇ ಒತ್ತಿದ ಗುಳಿಗಳ ರೂಪದಲ್ಲಿರುತ್ತದೆ. ಎರಡನೆಯದರಲ್ಲಿ ತೆಳುವಾದ ಬಣ್ಣದ ಪದರವೊಂದನ್ನು ಲೇಸರ್ ಕಿರಣದಿಂದ ಸುಟ್ಟು ಗುರುತು ಮಾಡಿರುತ್ತಾರೆ, ಮತ್ತು ಆ ಬಣ್ಣ ಬಿಸಿಲು, ಶಾಖ, ತೇವಗಳಿಂದ ನಿಧಾನವಾಗಿ ಕೆಡುತ್ತದೆ. ಅದರ ಹಿಂದಿರುವ ಲೋಹದ ಪದರಕ್ಕೆ ಅಂಚಿನಿಂದ ತೇವ ಹೊಕ್ಕರೆ ಅದೂ ಮಂಕಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು ಡಿಸ್ಕ್‌ಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ಶೇ. 20ರಿಂದ 50ರ ಆರ್ದ್ರತೆಯಲ್ಲಿ ಇಡಬೇಕೆಂದು ಸೂಚಿಸುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಾಗಲಿ, ಆಷಾಢದಲ್ಲಿ ಚರ್ಮದ ಚಪ್ಪಲಿಯ ಮೇಲೆ ವಾರದೊಳಗೆ ಬೂಷ್ಟು ಏಳುವ ಹೊಸನಗರ, ಸಾಗರದ ಮನೆಗಳಲ್ಲಾಗಲಿ ಇದು ಆಗುವ ಮಾತಲ್ಲ.

ಕೊನೆಕೊಯ್ಲು, ಅಡಿಕೆ ಸುಲಿತ ಮುಗಿದು ಕೈ ಬಿಡುವಾಗುವ ಫೆಬ್ರವರಿಯಿಂದ ಮೇ ತಿಂಗಳ ನಡುವಿನ ಒಣ ದಿನಗಳೇ ಈ ಕೆಲಸಕ್ಕೆ ಸರಿಯಾದ ಕಾಲ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವ ತೊಂದರೆಯೂ ಆಗ ಕಡಿಮೆ.

ಮೊದಲ ಹಂತ: ಡಿಸ್ಕ್‌ಗಳನ್ನು ಒಟ್ಟುಮಾಡಿ ಗುರುತಿಸುವುದು

ಬೀರು, ನಾಗಂದಿಗೆ, ಟಿ.ವಿ. ಮೇಜಿನ ಖಾನೆ ಎಲ್ಲವನ್ನೂ ಹುಡುಕಿ ಡಿಸ್ಕ್‌ಗಳನ್ನು ಒಂದೆಡೆ ತನ್ನಿ. ಹಳೆಯ ಡಿವಿಡಿ ಪ್ಲೇಯರ್ ಇದ್ದರೆ ಅದರ ಒಳಗೂ ಒಮ್ಮೆ ನೋಡಿ. ಕೊನೆಯದಾಗಿ ಹಾಕಿದ ಡಿಸ್ಕ್ ಅಲ್ಲೇ ಉಳಿದಿರುವುದು ಉಂಟು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಡಿಸ್ಕಿನ ಮೇಲಲ್ಲದೆ ಅದರ ಕವರಿನ ಮೇಲೆ ಬರೆಯಿರಿ.

ಮದುವೆ ಡಿಸ್ಕ್‌ಗಳ ಮೇಲೆ ವಧೂವರರ ಫೋಟೊ ಇರುವ ಅಂಟಿನ ಕಾಗದ ಹಚ್ಚುವ ರೂಢಿ ನಮ್ಮಲ್ಲಿತ್ತು. ತೇವಕ್ಕೆ ಅದರ ಅಂಚು ಎದ್ದಿರುತ್ತದೆ. ಎಷ್ಟೇ ಎದ್ದಿದ್ದರೂ ಅದನ್ನು ಕಿತ್ತು ತೆಗೆಯಬೇಡಿ. ಸಿ.ಡಿ. ಮತ್ತು ವಿಸಿಡಿಗಳಲ್ಲಿ (ವಿಡಿಯೊ ತುಂಬಿದ ಸಿ.ಡಿ.ಗಳಲ್ಲಿ) ಮಾಹಿತಿಯ ಪದರವು ಹೆಸರು ಬರೆಯುವ ಮೇಲ್ಭಾಗಕ್ಕೆ ತೀರ ಹತ್ತಿರದಲ್ಲಿ, ತೆಳು ಅರಗಿನಂತಹ ಲೇಪನದ ಕೆಳಗೇ ಇರುವುದರಿಂದ ಕಾಗದದ ಜೊತೆಗೆ ಬೆಳ್ಳಿಯ ಪದರವೂ ಎದ್ದುಬರುತ್ತದೆ. ಡಿವಿಡಿಯಲ್ಲಿ ಆ ಪದರ ತಲಾ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಸ್ವಲ್ಪ ಸುರಕ್ಷಿತ, ಆದರೂ ಎಳೆಯುವ ಸಾಹಸ ಬೇಡ. ಎದ್ದ ಅಂಚನ್ನು ಮಾತ್ರ ಕತ್ತರಿಯಿಂದ ಹುಷಾರಾಗಿ ಕತ್ತರಿಸಿದರೆ ಸಾಕು.

ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ತೆರೆದಾಗ ವಿಡಿಯೊ-ಟಿಎಸ್ ಎಂಬ ಫೋಲ್ಡರ್ ಕಂಡರೆ ಅದು ಡಿವಿಡಿ. ಅದರೊಳಗೆ ವಿಒಬಿ ಎಂದು ಕೊನೆಯಾಗುವ, ಒಂದೊಂದು ಹೆಚ್ಚೆಂದರೆ ಒಂದು ಜಿ.ಬಿ. ಗಾತ್ರದ ಕಡತಗಳಿರುತ್ತವೆ. ಎಂಪಿಇಜಿಎವಿ ಎಂಬ ಫೋಲ್ಡರ್ ಮತ್ತು ಅದರಲ್ಲಿ ಡಿಎಟಿ ಕಡತ ಕಂಡರೆ ಅದು ವಿಸಿಡಿ. ಹಳೆಯ ಹ್ಯಾಂಡಿಕ್ಯಾಮ್‌ಗಳಲ್ಲಿ ಬಳಸುತ್ತಿದ್ದ 8 ಸೆಂ.ಮೀ. ಅಗಲದ ಪುಟ್ಟ ಡಿವಿಡಿಗಳು ಖಾಲಿ ಎಂದು ತೋರಿಸಿದರೆ ಗಾಬರಿಯಾಗಿ ಎಸೆಯಬೇಡಿ. ಕ್ಯಾಮೆರಾದಲ್ಲೇ ಮಾಡಬೇಕಿದ್ದ 'ಫೈನಲೈಜ್' ಎಂಬ ಕೊನೆಯ ಕ್ರಿಯೆ ಬಾಕಿ ಉಳಿದಿದ್ದರೆ ತುಂಬಿದ ಡಿಸ್ಕ್ ಕೂಡ ಖಾಲಿಯಂತೆ ಕಾಣುತ್ತದೆ. ಅದೇ ಕ್ಯಾಮೆರಾ ಇದ್ದರೆ ಅದರಲ್ಲಿ ಈಗಲೂ ಅದನ್ನು ಪೂರೈಸಬಹುದು. ಈ ಪುಟ್ಟ ಡಿಸ್ಕ್‌ಗಳನ್ನು ಸೀಳಿನೊಳಗೆ ತಳ್ಳುವ ಮಾದರಿಯ ಡ್ರೈವಿಗೆ ಎಂದೂ ಹಾಕಬಾರದು, ಅವು ಒಳಗೇ ಸಿಕ್ಕಿಕೊಳ್ಳುತ್ತವೆ.

ಎರಡನೆಯ ಹಂತ: ಶುಚಿಗೊಳಿಸುವುದು

ಬೂಷ್ಟು ಹಿಡಿದ ಡಿಸ್ಕನ್ನು ಬಿಸಿಲಿಗಿಡುವುದಾಗಲಿ, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿಡುವುದಾಗಲಿ ಸಲ್ಲದು. ಉಳಿದೆಲ್ಲ ಸಾಮಾನನ್ನು ಹಾಗೆ ಒಣಗಿಸುವ ನಮಗೆ ಕೈ ಅತ್ತಲೇ ಹೋಗುತ್ತದೆ, ಆದರೆ ಶಾಖಕ್ಕೆ ಡಿಸ್ಕ್ ಸೊಟ್ಟಗಾಗುತ್ತದೆ ಮತ್ತು ಬಿಸಿಲಿಗೆ ಬಣ್ಣದ ಪದರ ಕೆಡುತ್ತದೆ. ಶುದ್ಧ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಕನ್ನಡಕ ಒರೆಸುವಂತಹ ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಹೊಳೆಯುವ ಬದಿಯನ್ನು ನಡುವಿನ ತೂತಿನಿಂದ ಹೊರ ಅಂಚಿನ ಕಡೆಗೆ ನೇರವಾಗಿ ಒರೆಸಿ. ನಂತರ ಬರಿಯ ನೀರಿನ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಲು ಬಿಡಿ. ಸುತ್ತಲೂ ತಿರುಗಿಸಿ ಒರೆಸಬಾರದೆಂಬುದಕ್ಕೆ ಕಾರಣವಿದೆ. ಮಾಹಿತಿಯು ಡಿಸ್ಕಿನಲ್ಲಿ ಸುರುಳಿಯಾಗಿ ಸಾಗುತ್ತದೆ. ಅದಕ್ಕೆ ಅಡ್ಡಲಾಗಿ ಗೀರು ಬಿದ್ದರೆ ಪ್ರತಿ ಸುತ್ತಿನಲ್ಲೂ ಒಂದಿಷ್ಟೇ ಮಾಹಿತಿ ತಪ್ಪುತ್ತದೆ, ಅದನ್ನು ದೋಷ ತಿದ್ದುವ ವ್ಯವಸ್ಥೆ ತುಂಬಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೇ ಗೀರು ಬಿದ್ದರೆ ಒಂದೇ ಕಡೆ ಬಹಳ ಮಾಹಿತಿ ತಪ್ಪಿ, ತಿದ್ದಲು ಸಾಧ್ಯವಾಗದೆ ಹೋಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಮನೆಮದ್ದು ಡಿಸ್ಕ್ ಓದುವಂತಿರುವವರೆಗೆ ಬೇಡವೇ ಬೇಡ.

ಮೂರನೆಯ ಹಂತ: ಯಥಾಪ್ರತಿ

ಇದೇ ಇಡೀ ಕೆಲಸದ ಹೃದಯ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿ ಮೂಲಕ ಜೋಡಿಸುವ ಡಿವಿಡಿ ರೈಟರ್ ಬೇಕಾಗುತ್ತದೆ. ಊರಿನ ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು. ಅದನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ. ನಡುವೆ ಹಬ್ (ಒಂದು ಯುಎಸ್‌ಬಿ ಕಿಂಡಿಯನ್ನು ಹಲವಾಗಿಸುವ ಸಾಧನ) ಇದ್ದರೆ ವಿದ್ಯುತ್ ಸಾಲದೆ ಡಿಸ್ಕ್ ತಿರುಗುವುದು ನಿಂತುಹೋಗಬಹುದು. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಅಥವಾ ಯುಪಿಎಸ್ ಇದ್ದರೆ ನಡುವೆ ಕರೆಂಟ್ ಹೋದರೂ ಕೆಲಸ ಕೆಡುವುದಿಲ್ಲ.

ಡಿವಿಡಿಯ ಯಥಾಪ್ರತಿಯನ್ನು ಐಎಸ್ಒ ಕಡತವಾಗಿ ಪಡೆಯಬೇಕು. ಡಿಸ್ಕಿನಲ್ಲಿರುವ ಪ್ರತಿಯೊಂದು ಅಂಶವೂ, ಆರಂಭದ ಮೆನು, ಅಧ್ಯಾಯಗಳ ಸಹಿತ, ಇದರೊಳಗೆ ಒಂದೇ ಕಡತವಾಗಿ ಕೂರುತ್ತದೆ. ವಿಂಡೋಸ್ ಇದ್ದರೆ ಇಮ್ಗ್‌ಬರ್ನ್ ತಂತ್ರಾಂಶದಲ್ಲಿ ಡಿಸ್ಕಿನಿಂದ ಇಮೇಜ್ ಕಡತ ತಯಾರಿಸುವ ಆಯ್ಕೆಯಿದೆ. ಅದನ್ನು ಸ್ಥಾಪಿಸುವಾಗ ಬೇರೆ ತಂತ್ರಾಂಶಗಳನ್ನೂ ಜೊತೆಗೆ ಹಾಕಲು ಕೇಳಿದರೆ ಒಪ್ಪಬೇಡಿ. ಲಿನಕ್ಸ್ ಬಳಸುವವರಿಗೆ ಗ್ನೋಮ್ ಡಿಸ್ಕ್ಸ್‌ನಲ್ಲೇ ಈ ಸೌಲಭ್ಯವಿದೆ. ಒಂದು ಪದರದ ಡಿವಿಡಿಯ ಸಾಮರ್ಥ್ಯ 4.7 ಜಿ.ಬಿ., ಎರಡು ಪದರದ್ದು 8.5 ಜಿ.ಬಿ. ಆದ್ದರಿಂದ ತುಂಬಿದ ಒಂದು ಪದರದ ಡಿಸ್ಕ್‌ಗಳ ಸಂಖ್ಯೆಯನ್ನು ಐದರಿಂದ, ಎರಡು ಪದರದವುಗಳ ಸಂಖ್ಯೆಯನ್ನು ಒಂಬತ್ತರಿಂದ ಗುಣಿಸಿ ಕೂಡಿ, ರೂಪಾಂತರಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಎಷ್ಟು ಜಿ.ಬಿ. ಜಾಗ ಬೇಕೆಂಬ ಅಂದಾಜು ಸಿಗುತ್ತದೆ. ಸುಸ್ಥಿತಿಯ ಡಿಸ್ಕ್ ಕಾಲು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಹಾಳಾದದ್ದು ಇಡೀ ರಾತ್ರಿ ತೆಗೆದುಕೊಳ್ಳಬಹುದು.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ, ಕಡತಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಒಂದು ಕಡತ 4 ಜಿ.ಬಿ. ಮೀರುವಂತಿಲ್ಲ. ತುಂಬಿದ ಡಿವಿಡಿಯ ಐಎಸ್ಒ ಅದಕ್ಕಿಂತ ದೊಡ್ಡದಾಗುವುದರಿಂದ, ಜಾಗವಿದ್ದರೂ ಅದು ಅಲ್ಲಿ ಹಿಡಿಯುವುದಿಲ್ಲ. ಹಾರ್ಡ್‌ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿರುವಂತೆ ಮೊದಲೇ ನೋಡಿಕೊಳ್ಳಿ.

ವಿಸಿಡಿಗೆ ಐಎಸ್ಒ ಹೊಂದುವುದಿಲ್ಲ, ಏಕೆಂದರೆ ಅದರ ವಿಡಿಯೊ ಭಾಗವನ್ನು ಸಾಮಾನ್ಯ ಕಡತಕ್ಕಿಂತ ಬೇರೆ ರೀತಿಯ ಖಂಡಗಳಲ್ಲಿ ಬರೆದಿರುತ್ತಾರೆ. ಹೆಚ್ಚು ಚಿತ್ರ ಹಿಡಿಸುವ ಸಲುವಾಗಿ ಆ ಖಂಡಗಳಲ್ಲಿ ದೋಷ ತಿದ್ದುವ ಮಾಹಿತಿಯ ಒಂದು ಪದರವನ್ನೇ ಬಿಟ್ಟಿರುತ್ತಾರೆ. ಸಣ್ಣ ಗೀರಿಗೂ ವಿಸಿಡಿ ತಡವರಿಸುವುದು ಇದರಿಂದಲೇ. ಇಮ್ಗ್‌ಬರ್ನ್ ಇಂತಹ ಡಿಸ್ಕನ್ನು ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳಾಗಿ ಇಳಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಾದರೆ ಡಿಎಟಿ ಕಡತವನ್ನು ನೇರವಾಗಿ ನಕಲು ಮಾಡಿಕೊಳ್ಳುವುದೂ ಸಾಧ್ಯ. ವಿಎಲ್‌ಸಿ ಪ್ಲೇಯರ್ ಅದನ್ನು ತೋರಿಸುತ್ತದೆ.

ಓದಲು ತಕರಾರು ಮಾಡುವ ಡಿಸ್ಕ್‌ಗಳನ್ನು ಪಕ್ಕಕ್ಕಿಟ್ಟು, ಚೆನ್ನಾಗಿರುವುವನ್ನೆಲ್ಲ ಮೊದಲು ಮುಗಿಸಿ. ಆಮೇಲೆ ತಕರಾರಿನವನ್ನು ಬೇರೆ ಬೇರೆ ಡ್ರೈವ್‌ಗಳಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ನಾನು ಹಲವು ಬಾರಿ ಕಂಡ ಸಂಗತಿ. ಅಕ್ಕನ ಮದುವೆಯ ಮೊದಲ ಡಿಸ್ಕ್ ನಮ್ಮ ಲ್ಯಾಪ್‌ಟಾಪಿನಲ್ಲಿ ಹಟ ಹಿಡಿದು, ನೆರೆಮನೆಯವರ ಹಳೆಯ ಡೆಸ್ಕ್‌ಟಾಪಿನಲ್ಲಿ ಪೂರ್ತಿಯಾಗಿ ಬಂತು. ಲಿನಕ್ಸ್‌ನಲ್ಲಿ ಸಿಗುವ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ನಂತರ ಕೆಟ್ಟ ಭಾಗಗಳಿಗೆ ಮತ್ತೆ ಮತ್ತೆ ಹೋಗುತ್ತದೆ, ಯಾವುದು ಬಂತು ಯಾವುದು ಬರಲಿಲ್ಲವೆಂಬ ನಕ್ಷೆಯನ್ನೂ ಬರೆದಿಡುತ್ತದೆ. ಆ ನಕ್ಷೆ ಇದ್ದರೆ ಅರ್ಧ ಕೆಲಸವನ್ನು ಒಂದು ಡ್ರೈವಿನಲ್ಲಿ, ಉಳಿದದ್ದನ್ನು ಇನ್ನೊಂದು ಡ್ರೈವಿನಲ್ಲಿ ಮುಂದುವರಿಸಬಹುದು. ಒಂದೆರಡು ಕ್ಷಣದ ಚಿತ್ರ ಕಳೆದುಹೋದರೂ ಉಳಿದ ಒಂದು ಗಂಟೆ ಉಳಿಯುತ್ತದೆ.

ಕಡತ ಸಿದ್ಧವಾದ ಮೇಲೆ ತೆರೆದು, ಆರಂಭ, ನಡು, ಕೊನೆ ಮೂರನ್ನೂ ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಐಎಸ್ಒ ಮೇಲೆ ಎರಡು ಬಾರಿ ಒತ್ತಿದರೆ ಅದು ಡಿಸ್ಕಿನಂತೆಯೇ ತೆರೆದುಕೊಳ್ಳುತ್ತದೆ. ಕೊನೆಯ ಭಾಗವನ್ನು ತಪ್ಪದೆ ನೋಡಬೇಕು. ಡಿಸ್ಕಿನ ಬರಹ ಒಳಗಿನಿಂದ ಹೊರಕ್ಕೆ ಸಾಗುವುದರಿಂದ ಕೊನೆಯ ದೃಶ್ಯಗಳು ಬೆರಳು ತಾಗುವ, ತೇವ ಮೊದಲು ಹೊಗುವ ಹೊರ ಅಂಚಿನಲ್ಲಿರುತ್ತವೆ.

ನಾಲ್ಕನೆಯ ಹಂತ: ನೋಡಲು ತಕ್ಕ ರೂಪ

ಯಥಾಪ್ರತಿ ಕೈಯಲ್ಲಿದ್ದ ಮೇಲೆ ರೂಪಾಂತರದಲ್ಲಿ ತಪ್ಪಾದರೂ ನಷ್ಟವಿಲ್ಲ, ಮತ್ತೆ ಮಾಡಿದರಾಯಿತು. ಎಂಪಿ4, ಎಂಕೆವಿ ಎಂಬುವು ಡಬ್ಬಿಗಳ ಹೆಸರು. ಒಳಗಿನ ಚಿತ್ರವನ್ನು ಯಾವ ವಿಧಾನದಲ್ಲಿ ಅಡಕಗೊಳಿಸಲಾಗಿದೆ ಎಂಬುದು ಬೇರೆ ವಿಷಯ. ಡಿವಿಡಿಯ ಚಿತ್ರ ಎಂಪೆಗ್-2 ವಿಧಾನದಲ್ಲಿ, ವಿಸಿಡಿಯದು ಎಂಪೆಗ್-1 ವಿಧಾನದಲ್ಲಿ ಇರುತ್ತದೆ. ಮರು ಅಡಕವೇ ಬೇಡ, ಮೆನು ಬಿಟ್ಟು ಚಿತ್ರ ಮಾತ್ರ ಇದ್ದ ಗುಣಮಟ್ಟದಲ್ಲೇ ಒಂದು ಕಡತವಾಗಿ ಬೇಕು ಎನ್ನುವವರು ಮೇಕ್‌ಎಂಕೆವಿ ಬಳಸಿ ಎಂಕೆವಿ ಡಬ್ಬಿಗೆ ವರ್ಗಾಯಿಸಿಕೊಳ್ಳಬಹುದು. ಫೋನು, ಟಿ.ವಿ. ಎಲ್ಲದರಲ್ಲೂ ನಡೆಯಬೇಕೆಂದರೆ ಎಚ್.264 ವಿಧಾನದ ಎಂಪಿ4 ಉತ್ತಮ. ಎಚ್.265 ಇನ್ನೂ ಚಿಕ್ಕ ಕಡತ ಕೊಡುತ್ತದೆ ನಿಜ, ಆದರೆ ಹಳೆಯ ಟಿ.ವಿ.ಗಳು ಅದನ್ನು ಒಪ್ಪದೆ ಇರಬಹುದು. ಮನೆಯ ಹಿರಿಯರು ನೋಡುವುದು ಹಳೆಯ ಟಿ.ವಿ.ಯಲ್ಲೇ ಆದ್ದರಿಂದ ನಾನು ಎಚ್.264ನ್ನೇ ಆರಿಸುತ್ತೇನೆ.

ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಸಾಕು. ಐಎಸ್ಒ ಕಡತವನ್ನು ಅದರೊಳಗೆ ತೆರೆದರೆ ಡಿಸ್ಕಿನಲ್ಲಿರುವ ಭಾಗಗಳ ಪಟ್ಟಿ ಬರುತ್ತದೆ. ಒಂದೇ ಉದ್ದನೆಯ ಭಾಗವಿದ್ದರೆ ಸರಿ. ಮುಹೂರ್ತ, ಆರತಕ್ಷತೆ ಎಂದು ಬೇರೆ ಬೇರೆ ಭಾಗಗಳಿದ್ದರೆ ಒಂದನ್ನೂ ಬಿಡದೆ ಸಾಲಿಗೆ ಸೇರಿಸಿ. ಸಿದ್ಧ ಆಯ್ಕೆಗಳಲ್ಲಿ 576ಪಿ25 ಎಂದಿರುವ ಉತ್ತಮ ಗುಣಮಟ್ಟದ್ದನ್ನು ಆರಿಸಿ, ಮುಂದೆ ಹೇಳುವ ನಾಲ್ಕು ಬದಲಾವಣೆಗಳನ್ನು ಮಾಡಿಕೊಳ್ಳಿ.

ಗುಣಮಟ್ಟವನ್ನು ಸ್ಥಿರ ಗುಣಮಟ್ಟ ಎಂಬ ಆಯ್ಕೆಯಲ್ಲಿಟ್ಟು ಆರ್‌ಎಫ್ ಸಂಖ್ಯೆಯನ್ನು 18ರಿಂದ 20ರ ನಡುವೆ ಇಡಿ. ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ಚಿತ್ರದ ಅಂಚನ್ನು ತಾನಾಗಿ ಕತ್ತರಿಸುವ ಸೌಲಭ್ಯವನ್ನು ನಿಲ್ಲಿಸಿ, ಇಲ್ಲವಾದರೆ ಕತ್ತಲೆಯ ಬಯಲಾಟದಂತಹ ದೃಶ್ಯಗಳಲ್ಲಿ ಅದು ರಂಗಸ್ಥಳದ ಅಂಚನ್ನೇ ಕಪ್ಪು ಪಟ್ಟಿ ಎಂದು ಎಣಿಸಬಹುದು. ಮೂರನೆಯದು ಆಕಾರ: ನಮ್ಮಲ್ಲಿನ ಡಿವಿಡಿಯ ಚಿತ್ರ ಕಡತದೊಳಗೆ 720×576 ಬಿಂದುಗಳಾಗಿದ್ದರೂ ನೋಡುವಾಗ 4:3 ಅಥವಾ 16:9ರ ಆಕಾರಕ್ಕೆ ಹಿಗ್ಗುವಂತೆ ಗುರುತು ಹಾಕಿರುತ್ತದೆ. ಆ ಲೆಕ್ಕವನ್ನು ತಂತ್ರಾಂಶಕ್ಕೇ ಬಿಡಿ. ಈಗಿನ ಟಿ.ವಿ. ಪೂರ್ತಿ ತುಂಬಲೆಂದು 4:3ರ ಹಳೆಯ ಚಿತ್ರವನ್ನು ಅಗಲಕ್ಕೆ ಎಳೆದರೆ ಎಲ್ಲರ ಮುಖವೂ ಚಪ್ಪಟೆಯಾಗುತ್ತದೆ.

ನಾಲ್ಕನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಅಂದಿನ ವಿಡಿಯೊ ಕ್ಯಾಮೆರಾಗಳು ಪ್ರತಿ ಚಿತ್ರವನ್ನೂ ಬೆಸ ಸಾಲುಗಳು, ಸಮ ಸಾಲುಗಳು ಎಂದು ಎರಡು ಪಾಲಾಗಿ, ಸೆಕೆಂಡಿಗೆ 50 ಬಾರಿ ಹಿಡಿಯುತ್ತಿದ್ದವು. ಈಗಿನ ಪರದೆಯಲ್ಲಿ ಎರಡೂ ಪಾಲು ಒಟ್ಟಿಗೆ ಕಾಣುವುದರಿಂದ ಕೈ ಬೀಸಿದಾಗ, ವೇಷಧಾರಿ ಸುತ್ತು ಹಾಕಿದಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಏಳುತ್ತವೆ. ಇದನ್ನು ಸರಿಪಡಿಸಲು ಫಿಲ್ಟರುಗಳ ಭಾಗದಲ್ಲಿ ಬಿಡಬ್ಲ್ಯುಡಿಐಎಫ್ ಎಂಬುದನ್ನು ಆರಿಸಿ, ಅದರಲ್ಲಿ ಬಾಬ್ ಎಂಬ ಬಗೆಯನ್ನು ಗುರುತಿಸಿ, ಇಂತಹ ಗೆರೆಗಳ ಪತ್ತೆಹಚ್ಚುವಿಕೆಯನ್ನು (ಇಂಟರ್‌ಲೇಸ್ ಡಿಟೆಕ್ಷನ್) ನಿಲ್ಲಿಸಿ, ಚಿತ್ರಗಳ ವೇಗವನ್ನು 50ಕ್ಕೆ ಏರಿಸಿ. ಆಗ ಎರಡೂ ಪಾಲುಗಳು ಒಂದೊಂದು ಪೂರ್ಣ ಚಿತ್ರವಾಗಿ ಚಲನೆ ಮೂಲದಷ್ಟೇ ನಯವಾಗಿ ಬರುತ್ತದೆ. ವೇಗವನ್ನು 25ರಲ್ಲೇ ಬಿಟ್ಟರೆ ಅರ್ಧ ಚಲನೆ ಕಳೆದುಹೋಗುತ್ತದೆ. ಮಾತು, ಶಾಸ್ತ್ರಗಳ ವಿಡಿಯೊದಲ್ಲಿ ಈ ನಷ್ಟ ಅಷ್ಟಾಗಿ ಕಾಣದು, ಯಕ್ಷಗಾನದ ಕುಣಿತದಲ್ಲಿ ಮಾತ್ರ ಎದ್ದು ಕಾಣುತ್ತದೆ. ವಿಸಿಡಿಗೆ ಇದಾವುದೂ ಬೇಕಿಲ್ಲ. ಅದರಲ್ಲಿ ಇರುವುದೇ 352×288 ಬಿಂದುಗಳ ಇಡೀ ಚಿತ್ರ.

ಧ್ವನಿಯನ್ನು ಎಎಸಿ ವಿಧಾನದಲ್ಲಿ 160 ಕೆಬಿಪಿಎಸ್‌ಗೆ ಇಟ್ಟರೆ ಸಾಕು. ಚಿತ್ರವನ್ನು ಎಚ್.ಡಿ. ಅಳತೆಗೆ ಹಿಗ್ಗಿಸುವುದರಿಂದ ಕಡತ ದೊಡ್ಡದಾಗುತ್ತದೆಯೇ ಹೊರತು ಇಲ್ಲದ ವಿವರ ಬರುವುದಿಲ್ಲ. ಮೊದಲು ಎರಡು ನಿಮಿಷದ ಭಾಗವನ್ನು ಮಾತ್ರ ಪರಿವರ್ತಿಸಿ, ಮನೆಯ ಟಿ.ವಿ.ಯಲ್ಲೇ ಹಾಕಿ ನೋಡಿ, ತುಟಿಗೂ ಮಾತಿಗೂ ಹೊಂದಿಕೆಯಿದೆ ಎಂದು ಖಚಿತವಾದ ಮೇಲೆ ಉಳಿದವನ್ನು ಸಾಲಿಗೆ ಹಚ್ಚಿ ರಾತ್ರಿ ಬಿಟ್ಟು ಮಲಗಬಹುದು.

ಐದನೆಯ ಹಂತ: ಹೆಸರು, ಪಟ್ಟಿ, ಪ್ರತಿಗಳು

ಕಡತದ ಹೆಸರಿನಲ್ಲಿ ವರ್ಷ ಮೊದಲು ಬರಲಿ, ನಂತರ ತಿಂಗಳು, ಸಂದರ್ಭ, ಊರು, ಭಾಗ. 2004-05-ಮದುವೆ-ತೀರ್ಥಹಳ್ಳಿ-ಭಾಗ1 ಎಂಬಂತೆ ಇಟ್ಟರೆ ಎಲ್ಲವೂ ಕಾಲಕ್ರಮದಲ್ಲಿ ತಾವಾಗಿ ಸಾಲುಗೂಡುತ್ತವೆ. ಅದರ ಪಕ್ಕದಲ್ಲೇ ಒಂದು ಸರಳ ಪಠ್ಯ ಕಡತದಲ್ಲಿ ಯಾರ್ಯಾರು ಎಷ್ಟನೆಯ ನಿಮಿಷದಲ್ಲಿ ಕಾಣುತ್ತಾರೆ ಎಂಬುದನ್ನು ಬರೆದಿಡಿ. ಮನೆಯ ಹಿರಿಯರನ್ನು ಟಿ.ವಿ. ಮುಂದೆ ಕೂರಿಸಿಕೊಂಡು ಕೇಳುತ್ತ ಹೋದರೆ ಈ ಪಟ್ಟಿ ಎರಡು ಸಂಜೆಯಲ್ಲಿ ಆಗುತ್ತದೆ. ನಮ್ಮಲ್ಲಿ ದೊಡ್ಡಪ್ಪ ಬಿಟ್ಟರೆ ಚಪ್ಪರದ ಹಿಂಬದಿಯಲ್ಲಿ ಅಡುಗೆಗೆ ನಿಂತಿದ್ದವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಪೆನ್‌ಡ್ರೈವನ್ನು ಸಾಗಾಟಕ್ಕೆ ಬಳಸಿ, ವರ್ಷಾನುಗಟ್ಟಲೆ ಕಾಯ್ದಿಡುವುದಕ್ಕೆ ನೆಚ್ಚಬೇಡಿ. ಯೂಟ್ಯೂಬಿಗೆ ಏರಿಸಿದ್ದೇವೆ, ಇನ್ನೇಕೆ ಚಿಂತೆ ಎಂಬ ಮಾತನ್ನು ಹಲವರಿಂದ ಕೇಳಿದ್ದೇನೆ. ಅಲ್ಲಿ ವಿಡಿಯೊ ಮತ್ತೊಮ್ಮೆ ಅಡಕಗೊಂಡು ಗುಣಮಟ್ಟ ಇಳಿಯುತ್ತದೆ. ಮದುವೆ ವಿಡಿಯೊಗಳಿಗೆ ಸ್ಟುಡಿಯೊದವರು ಸೇರಿಸಿದ ಸಿನಿಮಾ ಹಾಡುಗಳಿಂದಾಗಿ ಧ್ವನಿ ನಿಶ್ಶಬ್ದಗೊಳ್ಳುವ ಅಥವಾ ವಿಡಿಯೊ ತಡೆಹಿಡಿಯಲ್ಪಡುವ ಸಾಧ್ಯತೆಯೂ ಇದೆ. ನೆಂಟರಿಗೆ ತೋರಿಸಲು ಅದು ಸರಿ, ಬ್ಯಾಕಪ್ಪಿನ ಲೆಕ್ಕಕ್ಕೆ ಸೇರದು. ವಾಟ್ಸ್ಯಾಪಿನಲ್ಲಿ ಸಾಮಾನ್ಯ ವಿಡಿಯೊದಂತೆ ಕಳಿಸಿದ್ದಕ್ಕೂ ಇದೇ ಮಾತು.

ಪ್ರತಿಗಳು ಒಂದೇ ತೆರನಾಗಿವೆಯೇ ಎಂದು ತಿಳಿಯಲು ಎಸ್‌ಎಚ್‌ಎ-256 ಎಂಬ ಲೆಕ್ಕವನ್ನು ಬಳಸಬಹುದು. 7-ಜಿಪ್ ತಂತ್ರಾಂಶವಿದ್ದರೆ ಕಡತದ ಮೇಲೆ ಬಲ ಗುಂಡಿ ಒತ್ತಿ ಇದನ್ನು ಪಡೆಯಬಹುದು. ಸಿಗುವ 64 ಅಕ್ಷರಗಳ ಸಾಲನ್ನು ಪಠ್ಯ ಕಡತದಲ್ಲಿ ಸೇರಿಸಿಡಿ. ಮುಂದೆಂದಾದರೂ ಅದೇ ಲೆಕ್ಕ ಮಾಡಿದಾಗ ಸಾಲು ಹಾಗೆಯೇ ಬಂದರೆ ಕಡತದ ಒಂದು ಅಂಶವೂ ಕೆಟ್ಟಿಲ್ಲವೆಂದು ಅರ್ಥ.

ಇಷ್ಟಾದರೂ ಮೂಲ ಡಿಸ್ಕ್‌ಗಳನ್ನು ಎಸೆಯಬಾರದು. ಇಂದು ಓದಲಾಗದ್ದನ್ನು ನಾಳೆ ಬೇರೊಂದು ಡ್ರೈವ್ ಓದಬಹುದು. ಅಕ್ಕನ ಮದುವೆಯ ಎರಡನೆಯ ಡಿಸ್ಕನ್ನು ನಾನು ಅದೇ ಆಸೆಯಿಂದ ಇಟ್ಟುಕೊಂಡಿದ್ದೇನೆ. ಪ್ರತಿಯೊಂದನ್ನೂ ಗಟ್ಟಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಅವೆಲ್ಲವನ್ನೂ ಬಿಗಿಯಾದ ಮುಚ್ಚಳದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಮಳೆ ಹಿಡಿಯುವ ಮೊದಲು ಮುಚ್ಚಿ. ಬಣ್ಣ ಬದಲಾಗುವ ಬಗೆಯ ಜೆಲ್ ಆದರೆ ಯಾವಾಗ ಬದಲಿಸಬೇಕೆಂಬುದು ನೋಡಿದೊಡನೆ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಊರಿನಲ್ಲಿದೆ, ಇನ್ನೊಂದು ಬೆಂಗಳೂರಿನ ಅಕ್ಕನ ಮನೆಯಲ್ಲಿದೆ. ದೀಪಾವಳಿಗೆ ಅಕ್ಕ ಬರುವಾಗ ಅದನ್ನು ಕೈಚೀಲದಲ್ಲಿ ತರುತ್ತಾಳೆ. ಎರಡನ್ನೂ ಜೋಡಿಸಿ ಆ 64 ಅಕ್ಷರಗಳ ಸಾಲುಗಳನ್ನು ತಾಳೆ ನೋಡಿ, ವರ್ಷದಲ್ಲಿ ಹೊಸದಾಗಿ ಸೇರಿದ್ದನ್ನು ಎರಡಕ್ಕೂ ಹಾಕಿ, ಹಬ್ಬ ಮುಗಿಸಿ ಹೊರಡುವಾಗ ಅಕ್ಕ ಊರಿನ ಡಿಸ್ಕನ್ನು ಒಯ್ದು ತಾನು ತಂದದ್ದನ್ನು ಇಲ್ಲಿ ಬಿಟ್ಟು ಹೋಗುತ್ತಾಳೆ.